ಹುಲಿಗೆವ್ವನ ಉಪವಾಸಗಳು

ಒಂದೂರಲ್ಲಿ ಒಬ್ಬ ಶ್ರೀಮಂತ ಇದ್ದ ಎಂದು ಶುರು ಮಾಡುತ್ತೇನೆ ಅಂತ ಕಾದು ಕೂತಿದ್ದೀರಿ, ನನಗೆ ಗೊತ್ತು. ಶ್ರೀಮಂತನ ಕಥೆ ಕೇಳುವುದೆಂದರೆ ಎಲ್ಲರಿಗೂ ಖುಷಿ. ಕೊನೆಗೆ ಅವನ ಸೊಕ್ಕು ಇಳಿಯುತ್ತದೆ, ನಾವೇ ವಾಸಿ ಎಂದುಕೊಂಡು ನೀವು ಪ್ರಸಾದ ತೆಗೆದುಕೊಂಡು ಮನೆಗೆ ಹೋಗುತ್ತೀರಿ. ಇವತ್ತು ಹಾಗೆ ಬಿಡುವುದಿಲ್ಲ. ಇವತ್ತು ಶ್ರೀಮಂತನಿಗೆ ರಜೆ ಕೊಟ್ಟಿದ್ದೇನೆ. ಇವತ್ತಿನ ಕಥೆ ನಿಮ್ಮ ಓಣಿಯದು, ನಿಮ್ಮ ಮನೆಯದು. ಹಿಂದೆ ಕಂಬಕ್ಕೆ ಒರಗಿ ಮೊಬೈಲ್ ನೋಡುತ್ತಿರುವ ಅಣ್ಣನವರು ಅದನ್ನು ಜೇಬಿಗೆ ಹಾಕಿಕೊಂಡರೆ ಒಳ್ಳೆಯದು, ಯಾಕೆಂದರೆ ಇದು ಮುಖ್ಯವಾಗಿ ಗಂಡಸರಿಗೆ ಹೇಳುವ ಮಾತು.

ಒಂದೂರಲ್ಲಿ ಒಬ್ಬ ಬ್ಯಾಂಡಿನವನು ಇದ್ದ. ದೃಷ್ಟಾಂತದಲ್ಲಿ ಹೆಸರು ಹೇಳುವ ರೂಢಿ ಇಲ್ಲ. ಆದರೆ ಹೆಸರಿಲ್ಲದವನ ಕಷ್ಟ ಯಾರ ಎದೆಗೂ ತಟ್ಟುವುದಿಲ್ಲ, ಅದಕ್ಕೇ ಅವನನ್ನು ಮೈಲಾರಪ್ಪ ಎಂದು ಕರೆಯೋಣ. ಹೆಂಡತಿ ಹುಲಿಗೆವ್ವ. ಮಗಳು ಕಸ್ತೂರಿ, ಹತ್ತು ವರ್ಷದವಳು. ಅವಳ ಬೆನ್ನಿಗೆ ನಾಲ್ಕು ವರ್ಷದ ಒಂದು ಗಂಡು ಮಗು. ಇಷ್ಟೇ ಸಂಸಾರ. ಊರು ಮೆಣಸಿನಕಾಯಿ ಪೇಟೆಯ ಊರು, ಬೀದಿಗೆ ಕಾಲಿಟ್ಟರೆ ಸೀನು ಬರುತ್ತದೆ.

ಮೈಲಾರಪ್ಪ ಕ್ಲಾರಿಯೋನೆಟ್ ಊದುತ್ತಿದ್ದ. ಕೆಂಪು ಕೋಟು, ಭುಜದ ಮೇಲೆ ಜರಿಯ ಪಟ್ಟಿ, ತಲೆಗೆ ಟೋಪಿ. ದಿಬ್ಬಣದ ಮುಂದೆ ಅವನು ಊದುತ್ತ ನಡೆದರೆ ಮದುಮಗ ಯಾರು ಎಂದು ಜನ ಆಮೇಲೆ ಕೇಳುತ್ತಿದ್ದರು. ಹೆಮ್ಮೆ ಇತ್ತು ಅವನಿಗೆ, ಇರಬೇಕಾದದ್ದೇ. ಕೈಯಲ್ಲಿ ವಿದ್ಯೆ ಇದ್ದವನಿಗೆ ಅಷ್ಟು ಹೆಮ್ಮೆ ಇಲ್ಲದಿದ್ದರೆ ಆ ವಿದ್ಯೆಗೇ ಅವಮಾನ. ಲಗ್ನದ ತಿಂಗಳುಗಳಲ್ಲಿ ಕೈತುಂಬ ಕೆಲಸ. ಊಟವೂ ಮದುವೆ ಮನೆಯಲ್ಲೇ. ಕೊನೆಯ ಪಂಕ್ತಿಯಾದರೂ ಹೋಳಿಗೆಗೆ, ತುಪ್ಪಕ್ಕೆ ಕೊರತೆ ಇರುತ್ತಿರಲಿಲ್ಲ. ಆ ತಿಂಗಳುಗಳಲ್ಲಿ ಹುಲಿಗೆವ್ವನಿಗೂ ಕೆಲಸ. ಪೇಟೆಯಲ್ಲಿ ಹತ್ತಾರು ಹೆಂಗಸರ ಜೊತೆ ಕೂತು ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದಳು. ಬೆರಳು ಉರಿಯುತ್ತಿದ್ದವು, ಮನೆ ನಡೆಯುತ್ತಿತ್ತು.

ಆಷಾಢ ಬಂತು ಅನ್ನಿ. ಆಷಾಢದಲ್ಲಿ ಯಾರು ಮದುವೆ ಮಾಡುತ್ತಾರೆ? ಕೋಟು ಪೆಟ್ಟಿಗೆ ಸೇರುತ್ತಿತ್ತು. ಪೇಟೆಗೆ ಮೆಣಸಿನಕಾಯಿ ಬರುವುದೂ ಅಷ್ಟರಲ್ಲಿ ನಿಂತಿರುತ್ತಿತ್ತು. ಗಂಡನ ದುಡಿಮೆಯೂ ಇಲ್ಲ, ಹೆಂಡತಿಯದೂ ಇಲ್ಲ. ಇನ್ನೊಂದು ಲೆಕ್ಕ ಗಂಡಸರಿಗೆ ಹೊಳೆಯುವುದಿಲ್ಲ, ಹೆಂಗಸರಿಗೆ ಕೂಡಲೇ ಹೊಳೆಯುತ್ತದೆ. ಲಗ್ನದ ತಿಂಗಳುಗಳಲ್ಲಿ ಮದುವೆ ಮನೆಯಲ್ಲಿ ಉಣ್ಣುತ್ತಿದ್ದ ಗಂಡಾಳು ಈಗ ಎರಡೂ ಹೊತ್ತು ಮನೆಯಲ್ಲೇ ಉಣ್ಣುತ್ತಾನೆ. ರೇಷನ್ ಅಕ್ಕಿ ಬರುತ್ತಿತ್ತು, ಇಲ್ಲ ಎನ್ನುವುದಿಲ್ಲ. ತಿಂಗಳ ಮೂರನೇ ವಾರಕ್ಕೆ ಚೀಲ ಮಡಿಚಿ ಇಡುವ ಹಾಗಾಗುತ್ತಿತ್ತು.

ಮೈಲಾರಪ್ಪ ಕುಡುಕನೋ, ಸೋಮಾರಿಯೋ ಎಂದು ಕೇಳಬೇಡಿ. ಎರಡೂ ಅಲ್ಲ. ಬೀಡಿಯನ್ನು ಕೂಡ ಮುಟ್ಟುವವನಲ್ಲ, ಊದುವವನಿಗೆ ಎದೆ ಬೇಕು ಎನ್ನುತ್ತಿದ್ದ. ಹೆಂಡತಿಗೆ ಒಂದು ಕೆಟ್ಟ ಮಾತು ಆಡಿದವನಲ್ಲ. ಒಳ್ಳೆಯವನು. ಈ ಕಥೆಯಲ್ಲಿ ಎಲ್ಲರೂ ಒಳ್ಳೆಯವರೇ, ಅದೇ ತೊಂದರೆ. ಕೆಟ್ಟವನೊಬ್ಬ ಇದ್ದಿದ್ದರೆ ಅವನಿಗೆ ಬೈದು ಕೈತೊಳೆದುಕೊಳ್ಳುತ್ತಿದ್ದೆವು.

ಒಂದು ಆಷಾಢದ ಸೋಮವಾರ ಅವನು ಊಟಕ್ಕೆ ಕೂತಾಗ, ನೀನೂ ಬಡಿಸಿಕೋ ಎಂದ. ತನಗೆ ಇವತ್ತು ಸೋಮವಾರದ ಉಪವಾಸ ಎಂದಳು ಹುಲಿಗೆವ್ವ. ಒಳ್ಳೆಯದಾಯಿತು, ಮನೆಯಲ್ಲಿ ದೇವರ ಭಯ ಇರಬೇಕು ಎಂದು ಅವನು ಖುಷಿಪಟ್ಟ. ಮುಂದಿನ ವಾರ ಗುರುವಾರವೂ ಸೇರಿತು. ಆಮೇಲೆ ಹನುಮಪ್ಪನ ಹೆಸರಲ್ಲಿ ಶನಿವಾರ. ಆಮೇಲೆ ದುರ್ಗವ್ವನ ಹೆಸರಲ್ಲಿ ಮಂಗಳವಾರ. ನಡುವೆ ಒಂದು ಸಂಕಷ್ಟಿ. ವಾರಕ್ಕೆ ಏಳೇ ದಿನ ಇದ್ದದ್ದು ಪುಣ್ಯ ನೋಡಿ, ಎಂಟು ಇದ್ದಿದ್ದರೆ ಆ ತಾಯಿ ಎಂಟನೆಯದಕ್ಕೂ ಒಬ್ಬ ದೇವರನ್ನು ಹುಡುಕುತ್ತಿದ್ದಳು. ಉಪವಾಸ ಇಲ್ಲದ ದಿನ ತಾನು ಆಗಲೇ ಉಂಡೆ ಎನ್ನುತ್ತಿದ್ದಳು.

ನೀವು ನಗುತ್ತಿದ್ದೀರಿ. ನಗಿ.

ಶ್ರಾವಣ ಬಂತು. ಒಂದೆರಡು ಲಗ್ನ ಗೊತ್ತಾದವು, ಕೋಟು ಪೆಟ್ಟಿಗೆಯಿಂದ ಹೊರಗೆ ಬಂತು. ಹುಲಿಗೆವ್ವನ ವ್ರತಗಳು ಒಂದೊಂದಾಗಿ ಮುಗಿದವು. ಊರ ಹೆಂಗಸರೆಲ್ಲ ವ್ರತ ಹಿಡಿಯುವ ತಿಂಗಳಲ್ಲಿ ಇವಳು ಉಣ್ಣತೊಡಗಿದಳು. ಮತ್ತೆ ಧನುರ್ಮಾಸ ಬಂದು ಲಗ್ನ ನಿಂತವು, ಅವಳ ಭಕ್ತಿ ತಿರುಗಿ ಬಂತು. ಇದು ಒಂದು ವರ್ಷ ಅಲ್ಲ, ಎರಡು ವರ್ಷ ಅಲ್ಲ, ನಾಲ್ಕು ವರ್ಷ ನಡೆಯಿತು. ತಾಳ ಅರ್ಧ ಮಾತ್ರೆ ಹಿಂದೆ ಬಿದ್ದರೆ ನಡೆಯುತ್ತಲೇ ತಿರುಗಿ ನೋಡುವ ಮನುಷ್ಯ ಅವನು. ಹೆಂಡತಿಯ ಉಪವಾಸಕ್ಕೂ ತನ್ನ ಕೋಟಿಗೂ ಇದ್ದ ತಾಳ ಅವನಿಗೆ ಕೇಳಿಸಲಿಲ್ಲ. ಯಾಕೆ ಕೇಳಿಸಲಿಲ್ಲ? ಹೊಟ್ಟೆ ತುಂಬಿದ್ದಕ್ಕೆ. ಬೇರೆ ಕಾರಣ ಹುಡುಕಬೇಡಿ.

ಅವನು ಸುಮ್ಮನೆ ಇದ್ದಿದ್ದರೂ ಆಗುತ್ತಿತ್ತು. ಸುಮ್ಮನೆ ಇರಲಿಲ್ಲ, ಹೇಳಿಕೊಂಡು ತಿರುಗಿದ. ಚಹಾದ ಅಂಗಡಿಯಲ್ಲಿ ಕೂತು, ನಮ್ಮ ಮನೆಯವಳಷ್ಟು ದೈವಭಕ್ತೆ ಈ ಊರಲ್ಲಿ ಇನ್ನೊಬ್ಬಳಿಲ್ಲ ಎನ್ನುತ್ತಿದ್ದ. ನಾಲ್ಕನೇ ವರ್ಷದ ಆಷಾಢದ ಶುರುವಿಗೆ ಹತ್ತಿರದ ಶಾಲೆಯ ಹೆಡ್ ಮಾಸ್ತರರು ಹೇಳಿ ಕಳಿಸಿದ್ದರು, ಆಗಸ್ಟ್ ಹದಿನೈದಕ್ಕೆ ಮಕ್ಕಳಿಗೆ ಡ್ರಮ್ಮು ಬಾರಿಸುತ್ತ ನಡೆಯುವುದನ್ನು ಕಲಿಸಿಕೊಡಿ ಎಂದು. ಇವನು ಒಲ್ಲೆ ಎಂದ. ದಿಬ್ಬಣದ ಮುಂದೆ ನಡೆದವನು ಮಕ್ಕಳ ಡ್ರಮ್ಮಿನ ಹಿಂದೆ ನಡೆಯುವುದೇ ಎಂದ. ಮನೆಯಲ್ಲಿ ಏನು ಕಡಿಮೆಯಾಗಿದೆ ತನಗೆ ಎಂದೂ ಅಂದ. ನೋಡಿ, ಅದನ್ನು ಅವನು ಸುಳ್ಳು ಹೇಳಲಿಲ್ಲ. ಅವನ ತಟ್ಟೆಯಲ್ಲಿ ಏನೂ ಕಡಿಮೆಯಾಗಿರಲಿಲ್ಲ.

ಈಗ ಒಂದು ಮಾತು ಹೇಳಬೇಕು, ನಾಲಿಗೆ ತಡವರಿಸುತ್ತದೆ, ಆದರೂ ಹೇಳುತ್ತೇನೆ. ಆ ಆಷಾಢದ ಹುಣ್ಣಿಮೆಗೆ ಮಠದಲ್ಲಿ ಸಭೆ ಇತ್ತು. ಇಂಥ ಒಬ್ಬ ತಾಯಿ ಇದ್ದಾಳೆ, ವಾರಕ್ಕೆ ನಾಲ್ಕು ದಿನ ನಿರಾಹಾರ ಎಂದು ಓಣಿಯವರು ಸ್ವಾಮಿಗಳ ಕಿವಿಗೆ ಹಾಕಿದರು. ಸ್ವಾಮಿಗಳು ಅವಳನ್ನು ವೇದಿಕೆಗೆ ಕರೆಸಿದರು. ಶಾಲು ಹೊದಿಸಿದರು, ಕೈಗೆ ತೆಂಗಿನಕಾಯಿ ಕೊಟ್ಟರು. ಮೈಕಿನಲ್ಲಿ, ಇಂಥ ತಾಯಿ ಮನೆಮನೆಗೂ ಬೇಕು ಎಂದರು. ಜನ ಚಪ್ಪಾಳೆ ತಟ್ಟಿದರು. ಅವಳು ತಲೆ ಎತ್ತಲಿಲ್ಲ. ಎಂಥ ವಿನಯ ಎಂದುಕೊಂಡರು ಸ್ವಾಮಿಗಳು. ಆ ಸ್ವಾಮಿ ಯಾರು ಎಂದು ಅಕ್ಕಪಕ್ಕದವರನ್ನು ಕೇಳಬೇಡಿ. ನಾನೇ. ಹೊದಿಸಿದ ಕೈ ಇದೇ.

ಹಸಿವಾದರೆ ಮಠದ ದಾಸೋಹಕ್ಕೆ ಬಂದು ಉಣ್ಣಬಹುದಿತ್ತಲ್ಲ ಎಂದು ನಿಮಗೆ ಅನ್ನಿಸುತ್ತಿರಬಹುದು. ಬರುತ್ತಿದ್ದಳಂತೆ ಮೊದಲು. ತೀರ ತಾಳದ ದಿನ ಮಧ್ಯಾಹ್ನ ಬಂದು, ಹೆಂಗಸರ ಸಾಲಿನ ಕೊನೆಗೆ ಕೂತು, ಉಂಡು ಹೋಗುತ್ತಿದ್ದಳಂತೆ. ಉಪವಾಸದ ಮಹಾತಾಯಿ ಎಂದು ಸಾವಿರ ಜನರ ಮುಂದೆ ಶಾಲು ಹೊದಿಸಿದ ಮೇಲೆ ಅವಳು ಪಂಕ್ತಿಯಲ್ಲಿ ಕೂರುವುದು ಹೇಗೆ? ಅವಳಿಗೆ ಇದ್ದ ಒಂದು ಬಾಗಿಲನ್ನು ನಾನು ಹಾರ ತುರಾಯಿ ಸಮೇತ ಮುಚ್ಚಿದೆ. ಆ ಪಾಪ ನನ್ನದು, ಅದನ್ನು ಬೇರೆಯವರ ತಲೆಗೆ ಕಟ್ಟುವುದಿಲ್ಲ.

ಇನ್ನು ಕಸ್ತೂರಿಯ ಮಾತಿಗೆ ಬನ್ನಿ. ಮಕ್ಕಳಿಗೆ ಏನೂ ಗೊತ್ತಾಗುವುದಿಲ್ಲ ಎಂದುಕೊಳ್ಳುತ್ತೇವೆ. ಅವರು ನಮ್ಮ ಮೊಣಕಾಲಿನ ಎತ್ತರದಲ್ಲಿ ಓಡಾಡುತ್ತಾರೆ, ಒಲೆ, ಬುಟ್ಟಿ, ಡಬ್ಬಿ ಎಲ್ಲ ಅವರ ಕಣ್ಣಿನ ಎತ್ತರದಲ್ಲೇ ಇರುತ್ತವೆ. ಹುಣ್ಣಿಮೆ ಆದ ಮೇಲಿನ ಶನಿವಾರ ಸಂಜೆ ಕಸ್ತೂರಿ ತನಗೆ ರೊಟ್ಟಿ ಬೇಡ ಎಂದಳು. ಯಾಕೆ ಎಂದು ಕೇಳಿದರೆ, ನಾನೂ ಅವ್ವನ ಹಾಗೆ ಶನಿವಾರ ಹಿಡಿದಿದ್ದೇನೆ ಎಂದಳು. ಹುಲಿಗೆವ್ವ ಬೈದಳು, ಸಣ್ಣವರು ಮಾಡಬಾರದು ಎಂದಳು. ಮೈಲಾರಪ್ಪನೇ ತಡೆದ. ಮಾಡಲಿ ಬಿಡು, ತಾಯಿಯಿಂದ ಮಗಳಿಗೆ ಬರಬೇಕಾದದ್ದು ಇದೇ ಎಂದ. ಅವಳ ತಲೆ ಸವರಿದ. ಮಾರನೇ ಬೆಳಿಗ್ಗೆ ಚಹಾದ ಅಂಗಡಿಗೆ ಹೋಗಿ ಅದನ್ನೂ ಹೇಳಿದ. ಹತ್ತು ವರ್ಷದ ಮಗಳು ಹಸಿದು ಮಲಗಿದ್ದನ್ನು ಹೆಮ್ಮೆಯಿಂದ ಹೇಳಿಕೊಂಡ. ಕೇಳಿದವರು ಹೌದೌದು ಎಂದರು. ಒಬ್ಬನಾದರೂ, ಬೆಳೆಯುವ ಕೂಸಿಗೆ ಉಪವಾಸ ಯಾಕಪ್ಪಾ ಎಂದನೆ? ಅನ್ನಲಿಲ್ಲ. ದೇವರ ಹೆಸರು ಬಂದರೆ ನಮ್ಮ ಬುದ್ಧಿ ಚಪ್ಪಲಿ ಬಿಟ್ಟು ಹೊರಗೆ ನಿಲ್ಲುತ್ತದೆ.

ಆ ವಾರದಲ್ಲಿ ಕಸ್ತೂರಿ ಮತ್ತೆ ಸೋಮವಾರ ಹಿಡಿದಳು, ಗುರುವಾರ ಹಿಡಿದಳು. ಶಾಲೆಯ ದಿನ ಮಧ್ಯಾಹ್ನ ಬಿಸಿಯೂಟ ಸಿಗುತ್ತಿತ್ತು, ಅದರ ಮೇಲೆ ನಡೆಯಿತು. ಹುಲಿಗೆವ್ವ ಬೈದಳು, ಗದರಿಸಿದಳು, ಗಂಡ ಇಲ್ಲದಾಗ ಒಂದು ಪೆಟ್ಟೂ ಕೊಟ್ಟಳು. ಹುಡುಗಿ ಜಗ್ಗಲಿಲ್ಲ. ಅವಳಿಗೆ ಹೇಳುವುದಾದರೂ ಏನು? ನಿನ್ನದು ಸುಳ್ಳು ವ್ರತ ಎಂದರೆ ತನ್ನದು? ತಾನು ಹೆಣೆದ ಬಲೆಯಲ್ಲಿ ಮಗಳು ಬಂದು ಕೂತಿದ್ದಾಳೆ, ಬಿಡಿಸಬೇಕೆಂದರೆ ಬಲೆಯನ್ನೇ ಹರಿಯಬೇಕು. ಹರಿದರೆ ಗಂಡನಿಗೆ ಗೊತ್ತಾಗುತ್ತದೆ. ಆ ತಾಯಿ ಆ ಎಂಟು ದಿನ ಅನುಭವಿಸಿದ್ದು ಹಸಿವೆಗಿಂತ ದೊಡ್ಡ ಸಂಕಟ.

ಭಾನುವಾರ ಬಂತು. ಶಾಲೆ ಇಲ್ಲ, ಬಿಸಿಯೂಟವೂ ಇಲ್ಲ. ಮಧ್ಯಾಹ್ನ ಮೈಲಾರಪ್ಪ ಪಡಸಾಲೆಯಲ್ಲಿ ಊಟಕ್ಕೆ ಕೂತ. ಆ ಮನೆಯ ಪದ್ಧತಿ ಹೇಗೆಂದರೆ, ನಿಮ್ಮ ಮನೆಯ ಪದ್ಧತಿ ಹೇಗಿದೆಯೋ ಹಾಗೆ. ಗಂಡಸು ಪಡಸಾಲೆಯಲ್ಲಿ ಕೂರುತ್ತಾನೆ. ರೊಟ್ಟಿಯ ಬುಟ್ಟಿ ಒಳಗೆ ಒಲೆಯ ಪಕ್ಕ ಬಟ್ಟೆ ಮುಚ್ಚಿಕೊಂಡು ಇರುತ್ತದೆ. ಬೇಕಾದದ್ದು ಒಳಗಿಂದ ತಟ್ಟೆಗೆ ಬರುತ್ತದೆ, ಬುಟ್ಟಿ ಮಾತ್ರ ಹೊರಗೆ ಬರುವುದಿಲ್ಲ. ಮದುವೆಯಾಗಿ ಹನ್ನೆರಡು ವರ್ಷವಾಗಿತ್ತು, ಮೈಲಾರಪ್ಪ ಒಮ್ಮೆಯೂ ಆ ಬುಟ್ಟಿಯ ತಳ ಕಂಡಿರಲಿಲ್ಲ. ನೋಡಬೇಕು ಎಂದು ಅನ್ನಿಸಿದ್ದೂ ಇಲ್ಲ. ಆವತ್ತು ಒಂದು ರೊಟ್ಟಿ ಮುಗಿಯುತ್ತ ಬರುವಾಗಲೇ ಇನ್ನೊಂದು ಹಾಕಿಸಿಕೊಂಡ. ಮಗನನ್ನು ತೊಡೆಯ ಪಕ್ಕ ಕೂರಿಸಿಕೊಂಡು ತುತ್ತು ಕೊಡುತ್ತಿದ್ದ.

ಕಸ್ತೂರಿ ಬಾಗಿಲ ಹತ್ತಿರ ಕೂತಿದ್ದಳು. ಬಾ ಊಟಕ್ಕೆ ಎಂದ. ಇವತ್ತು ನಂದು ಉಪವಾಸ ಎಂದಳು. ಮೈಲಾರಪ್ಪ ನಕ್ಕ. ಭಾನುವಾರಕ್ಕೂ ಹಿಡಿದೆಯಾ, ಯಾವ ದೇವರದ್ದು ಎಂದು ಕೇಳಿದ. ಹುಡುಗಿಗೆ ಭಾನುವಾರದ ದೇವರು ಯಾರೆಂದು ಗೊತ್ತಿರಲಿಲ್ಲ. ಅವ್ವನ ದೇವರು ಎಂದಳು. ಅವ್ವನ ದೇವರು ಯಾರು ಎಂದು ಅವನು ಮತ್ತೆ ನಗುತ್ತಲೇ ಕೇಳಿದ.

“ನಿನ್ನ ಬ್ಯಾಂಡ್ ಇಲ್ದಾಗ ಬರೂ ದೇವ್ರು” ಎಂದಳು ಕಸ್ತೂರಿ.

ಅವನಿಗೆ ತಿಳಿಯಲಿಲ್ಲ. ಹಾಗೆಂದರೆ ಏನು ಎಂದು ಕೇಳಿದ. ಹುಡುಗಿ ಒಳಗೆ ತಾಯಿಯ ಕಡೆ ಒಂದು ಸಲ ನೋಡಿ ಧೈರ್ಯ ಮಾಡಿ ಹೇಳಿಬಿಟ್ಟಳು.

“ಲಗ್ನದ ತಿಂಗಳದಾಗ ಅವ್ವ ಉಪವಾಸ ಮಾಡಂಗಿಲ್ಲಪ್ಪ, ನಾ ನೋಡೀನಿ. ಬುಟ್ಟ್ಯಾಗ ರೊಟ್ಟಿ ಕಮ್ಮಿ ಬಿದ್ದ ದಿನಾನ ಆಕಿಗೆ ವಾರ ಬರ್ತೈತಿ. ನಾನೂ ಹಿಡಿದ್ರ ನನ್ನ ಪಾಲಿಂದು ಆಕಿಗೆ ಉಳೀತೈತಿ ಅಂತ ಮಾಡಿದ್ದೆ. ಆಕಿ ಅದನ್ನೂ ತಗೊಂಡು ನಿನ್ನ ತಾಟಿಗೆ ಹಾಕಿದ್ಲು.”

ನೋಡಿ, ನಾನು ಶಾಸ್ತ್ರ ಓದಿದವನು, ನಲವತ್ತು ವರ್ಷದಿಂದ ಪ್ರವಚನ ಹೇಳುತ್ತಿದ್ದೇನೆ. ಇದರಂಥ ಮಾತು ನನ್ನ ಬಾಯಿಂದ ಇದುವರೆಗೆ ಬಂದಿಲ್ಲ. ಮೈಲಾರಪ್ಪ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಟ್ಟ. ಎದ್ದ. ಹನ್ನೆರಡು ವರ್ಷದಲ್ಲಿ ಮೊದಲ ಸಲ ಊಟದ ನಡುವೆ ಎದ್ದು ಒಲೆಯ ಹತ್ತಿರ ಹೋದ. ಹುಲಿಗೆವ್ವ ಬುಟ್ಟಿಗೆ ಅಡ್ಡ ನಿಂತಳು. ಅವನು ಅವಳ ತೋಳು ಹಿಡಿದು ಮೆಲ್ಲಗೆ ಸರಿಸಿ ಬಟ್ಟೆ ತೆಗೆದ. ಒಂದು ರೊಟ್ಟಿ ಇತ್ತು. ಅದು ಸಂಜೆಗೆ ಸಣ್ಣ ಹುಡುಗನಿಗೆ ಎಂದು ಇಟ್ಟದ್ದು. ಪಕ್ಕದಲ್ಲಿ ಹಿಟ್ಟಿನ ಡಬ್ಬಿಯ ಮುಚ್ಚಳ ತೆಗೆದ, ಡಬ್ಬಿಯ ತಳ ಹೊಳೆಯುತ್ತಿತ್ತು. ತಾನು ಆಗಷ್ಟೇ ಹಾಕಿಸಿಕೊಂಡ ಎರಡನೆಯ ರೊಟ್ಟಿ ಯಾರದೆಂದು ಅವನಿಗೆ ಆಗ ಗೊತ್ತಾಯಿತು. ಎರಡನೆಯದು ಮಗಳದು. ಮೊದಲನೆಯದೂ ಪೂರ್ತಿ ಅವನದಾಗಿರಲಿಲ್ಲ.

ಯಾಕೆ ಹೇಳಲಿಲ್ಲ ಎಂದು ಕೇಳಿದ. ಸಿಟ್ಟಿನಿಂದ ಕೇಳಬೇಕು ಎಂದುಕೊಂಡಿದ್ದನಂತೆ, ಆಗಲಿಲ್ಲವಂತೆ. ಆ ತಾಯಿ ನೆಲ ನೋಡುತ್ತ ಉತ್ತರ ಕೊಟ್ಟಳು.

“ನೀವು ಊದಾವ್ರು. ಹೊಟ್ಟಿ ಖಾಲಿ ಇದ್ರ ಉಸಿರು ಎಲ್ಲಿಂದ ಬರ್ಬೇಕು? ನಾ ಹಸದ್ರ ಮೆಣಸಿನಕಾಯಿ ತೊಟ್ಟಿಗೆ ಏನೂ ಆಗಂಗಿಲ್ಲ. ಒಂದಿನ ಹೇಳಬೇಕಂತ ಮಾಡಿದ್ದೆ. ಅಷ್ಟೊತ್ತಿಗೆ ನೀವು ಮಂದಿ ಮುಂದ ಹಿಗ್ಗಾಕತ್ತಿದ್ರಿ. ಹಿಗ್ಗಾವ್ರಿಗೆ ಹೆಂಗ ಹೇಳ್ಲಿ?”

ಹಿಗ್ಗುವವರಿಗೆ ಹೇಗೆ ಹೇಳಲಿ. ಗಂಡಸರೇ, ಈ ಮಾತನ್ನು ಎರಡು ಸಲ ಕೇಳಿ. ಬಡತನ ಇದೆ ಎಂದು ಹೇಳುವುದಕ್ಕೆ ಅವಳಿಗೆ ನಾಚಿಕೆ ಇರಲಿಲ್ಲ. ನಿಮ್ಮ ಹಿಗ್ಗು ಅವಳ ಬಾಯಿಗೆ ಬೀಗ ಹಾಕಿತು.

ಮೈಲಾರಪ್ಪ ಆಗ ಮಾಡಿದ್ದು ಒಂದೇ ಕೆಲಸ. ಅಳುತ್ತ ಕೂರಲಿಲ್ಲ, ಹೆಂಡತಿಯ ಕಾಲು ಹಿಡಿಯಲಿಲ್ಲ, ನಾಳೆಯಿಂದ ಬದಲಾಗುತ್ತೇನೆ ಎಂದು ಆಣೆ ಪ್ರಮಾಣ ಮಾಡಲಿಲ್ಲ. ಬುಟ್ಟಿಯನ್ನು ಎತ್ತಿಕೊಂಡು ಬಂದು ಪಡಸಾಲೆಯ ನಡುವೆ ಇಟ್ಟ. ತನ್ನ ತಟ್ಟೆಯಲ್ಲಿ ಮುಟ್ಟದೆ ಉಳಿದಿದ್ದ ರೊಟ್ಟಿಯನ್ನು ಅದರಲ್ಲಿ ಹಾಕಿದ. ಪಲ್ಯದ ಪಾತ್ರೆಯನ್ನೂ ತಂದ. ಎಲ್ಲರೂ ಸುತ್ತ ಕೂರಿ ಎಂದ. ಹುಲಿಗೆವ್ವ ಗಂಡನ ಎದುರು ಊಟಕ್ಕೆ ಕೂತವಳಲ್ಲ, ಸೆರಗು ಎಳೆದುಕೊಂಡು ಗೋಡೆಗೆ ಆತು ಕೂತಳು. ಎರಡು ರೊಟ್ಟಿ, ನಾಲ್ಕು ಜನ. ಅವನು ಅರ್ಧರ್ಧ ಮುರಿದು ಕೊಟ್ಟ. ಕಸ್ತೂರಿ ತನ್ನದನ್ನು ಕೈಯಲ್ಲಿ ಹಿಡಿದು ತಾಯಿಯ ಮುಖವನ್ನೇ ನೋಡುತ್ತ ಕೂತಿದ್ದಳು. ತಾಯಿ ಒಂದು ತುತ್ತು ಮುರಿದು ಬಾಯಿಗೆ ಇಟ್ಟ ಮೇಲೆ ಆ ಹುಡುಗಿಯ ಭಾನುವಾರದ ವ್ರತ ಮುಗಿಯಿತು. ಹೊಟ್ಟೆ ತುಂಬಿತೆ? ಯಾರದೂ ತುಂಬಲಿಲ್ಲ. ಆದರೆ ಆ ಮನೆಯಲ್ಲಿ ಆವತ್ತು ಎಲ್ಲರೂ ಒಂದೇ ಸಮ ಹಸಿದಿದ್ದರು. ನಾಲ್ಕು ವರ್ಷದಲ್ಲಿ ಅಂಥ ಊಟ ಮಾಡಿರಲಿಲ್ಲ ಎಂದು ಮೈಲಾರಪ್ಪನೇ ನನಗೆ ಹೇಳಿದ್ದಾನೆ.

ಮಾರನೇ ದಿನ ಅವನು ಆ ಹೆಡ್ ಮಾಸ್ತರರ ಹತ್ತಿರ ಹೋದ. ಅವರು, ನೀನು ಒಲ್ಲೆ ಎಂದೆಯಲ್ಲಪ್ಪ, ಬೇರೆಯವರನ್ನು ಗೊತ್ತು ಮಾಡಿಕೊಂಡೆವು ಎಂದರು. ಎರಡನೇ ಶಾಲೆಯಲ್ಲಿ ಡ್ರಮ್ಮೇ ಇರಲಿಲ್ಲ. ಊರಾಚೆಯ ಮೂರನೇ ಶಾಲೆಯಲ್ಲಿ ಹ್ಞೂಂ ಎಂದರು. ಕೊಡುವುದು ಹೆಚ್ಚೇನಲ್ಲ, ಆದರೆ ವಾರದ ವಾರ ಕೊಡುತ್ತೇವೆ ಎಂದರು. ಮೈಲಾರಪ್ಪ ಕೋಟು ಹಾಕಿಕೊಳ್ಳದೆ, ಪಂಚೆ ಎತ್ತಿ ಕಟ್ಟಿ, ಮಕ್ಕಳ ಡ್ರಮ್ಮಿನ ಹಿಂದೆ ಎಡಬಲ ಎಡಬಲ ಎನ್ನುತ್ತ ನಡೆದ. ಮರ್ಯಾದೆ ಎಲ್ಲೂ ಹೋಗಲಿಲ್ಲ. ಮರ್ಯಾದೆ ಹೋಗುವುದು ಮಗಳು ಹಸಿದು ಮಲಗಿದಾಗ, ಡ್ರಮ್ಮು ಕಲಿಸಿದಾಗ ಅಲ್ಲ.

ಇಷ್ಟರಿಂದ ಅವರ ಮನೆ ಸಿರಿವಂತವಾಯಿತು ಎಂದು ನಾನು ಹೇಳುವುದಿಲ್ಲ. ಆಮೇಲೂ ಆಷಾಢಗಳು ಬಂದವು, ಕೈ ಬಿಗಿಯಾಯಿತು. ಆದರೆ ಈಗ ಲಗ್ನದ ತಿಂಗಳು ಮುಗಿಯುವ ಮೊದಲೇ ಗಂಡ ಹೆಂಡತಿ ಕೂತು ಮಾತಾಡುತ್ತಾರೆ. ಈ ಸಲ ಮಕ್ಕಳ ಬಟ್ಟೆ ಮುಂದಕ್ಕೆ ಹಾಕೋಣವೇ, ಜೋಳ ಈಗಲೇ ಒಂದು ಚೀಲ ತಂದು ಇಡೋಣವೇ ಎಂದು ಕೇಳಿಕೊಳ್ಳುತ್ತಾರೆ. ಕಸ್ತೂರಿಯನ್ನೂ ಕೂರಿಸಿಕೊಳ್ಳುತ್ತಾರೆ. ಮಗುವಿನ ಮುಂದೆ ಬಡತನದ ಮಾತು ಬೇಡ ಎಂದು ನೀವು ಹೇಳಬಹುದು. ಹೇಳದೆ ಮುಚ್ಚಿಟ್ಟಾಗ ಆ ಮಗು ಏನು ಮಾಡಿತು ಕೇಳಿದಿರಲ್ಲ? ತನಗೆ ತಿಳಿದ ರೀತಿಯಲ್ಲಿ ಭಾರ ಹೊತ್ತುಕೊಂಡಿತು, ತಾನೊಂದೇ ಹೊತ್ತುಕೊಂಡಿತು. ಹೇಳಿದರೆ ಹಂಚಿಕೊಂಡು ಹೊರುತ್ತದೆ.

ಬುಟ್ಟಿ ಹೊರಗೆ ಬಂದ ಆ ವಾರವೇ ಮೈಲಾರಪ್ಪ ಮಠಕ್ಕೆ ಬಂದ. ಕೈಯಲ್ಲಿ ಆ ಶಾಲು ಇತ್ತು, ಸಭೆಯಿಂದ ತಂದು ಮಡಿಚಿಟ್ಟ ಮಡಿಕೆ ಬಿಚ್ಚಿರಲಿಲ್ಲ. ನನ್ನ ಮುಂದೆ ಇಟ್ಟು, “ಅಜ್ಜಾರ, ಇದು ನಮ್ಮ ಮನ್ಯಾಗ ಇರೂದು ಬ್ಯಾಡ್ರಿ” ಎಂದ. ನಡೆದದ್ದನ್ನೆಲ್ಲ ಹೇಳಿದ. ನಾನು ಶಾಲನ್ನು ತೆಗೆದುಕೊಂಡೆ. ನನಗೆ ಸಿಟ್ಟು ಬಂತು, ನನ್ನ ಮೇಲೇ ಬಂತು. ಆವತ್ತಿನಿಂದ ಈ ವೇದಿಕೆಯ ಮೇಲೆ ಯಾವ ತಾಯಿಯ ಉಪವಾಸಕ್ಕೂ ನಾನು ಶಾಲು ಹೊದಿಸಿಲ್ಲ, ಹೊದಿಸುವುದೂ ಇಲ್ಲ.

ಈಗ ನಿಮ್ಮ ಕಡೆ ತಿರುಗುತ್ತೇನೆ. ಹುಲಿಗೆವ್ವ ಮಾಡಿದ್ದು ತ್ಯಾಗ, ಎಂಥ ಮಹಾತಾಯಿ ಎಂದು ಕಣ್ಣೊರೆಸಿಕೊಳ್ಳುತ್ತಿದ್ದೀರಿ. ಒರೆಸಿಕೊಳ್ಳುವುದು ಬೇಡ. ತಾಯಂದಿರೇ, ನಿಮಗೂ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಅವಳು ಮಕ್ಕಳಿಗಾಗಿ ಹಸಿದಳು, ಆದರೆ ಮಗಳಿಗೆ ಕಲಿಸಿದ್ದು ಏನು? ಮನೆಯಲ್ಲಿ ಕಡಿಮೆ ಬಿದ್ದರೆ ಹೆಣ್ಣು ಹಸಿಯಬೇಕು, ಹಸಿದು ನಗಬೇಕು, ನಕ್ಕು ಸುಳ್ಳು ಹೇಳಬೇಕು ಎಂದು ಕಲಿಸಿದಳು. ಆ ಮನೆಯ ಗಂಡು ಮಗು ವ್ರತ ಹಿಡಿಯಲಿಲ್ಲ ನೋಡಿ. ಅವನಿಗೆ ನಾಲ್ಕು ವರ್ಷ ಅನ್ನುತ್ತೀರಿ. ಹದಿನಾಲ್ಕು ಆಗಿದ್ದರೂ ಹಿಡಿಯುತ್ತಿರಲಿಲ್ಲ, ಯಾಕೆಂದರೆ ಆ ಪಾಠ ಅವನಿಗೆ ಯಾರೂ ಹೇಳಿಕೊಡುತ್ತಿರಲಿಲ್ಲ. ದೇವರಿಗೆ ಉಪವಾಸ ಮಾಡಿ, ಬೇಡ ಎನ್ನುವುದಿಲ್ಲ. ಬುಟ್ಟಿ ತುಂಬಿರುವ ದಿನ ಮಾಡಿ. ಬುಟ್ಟಿ ಖಾಲಿ ಇರುವ ದಿನ ಉಪವಾಸ ಎಂದರೆ ಅದನ್ನು ದೇವರ ತಲೆಗೆ ಕಟ್ಟಬೇಡಿ. ಇವತ್ತು ಕಡಿಮೆ ಇದೆ ಎಂದು ಹೇಳಿ. ಮೂರೇ ಶಬ್ದ. ಅಷ್ಟು ಹೇಳಿದರೆ ನಿಮ್ಮ ಮಾಂಗಲ್ಯಕ್ಕೂ ಏನೂ ಆಗುವುದಿಲ್ಲ, ಗಂಡನ ಮಾನಕ್ಕೂ ಏನೂ ಆಗುವುದಿಲ್ಲ.

ಕೈ ಬಿಗಿಯಾಗುವುದು ಪಾಪವಲ್ಲ. ಸಂಸಾರ ಎಂದ ಮೇಲೆ ಎಲ್ಲರ ಮನೆಗೂ ಒಂದು ಆಷಾಢ ಇದ್ದೇ ಇರುತ್ತದೆ. ಕೆಲವರಿಗೆ ಒಂದು ತಿಂಗಳು, ಕೆಲವರಿಗೆ ವರ್ಷ ಪೂರ್ತಿ. ಆ ಆಷಾಢವನ್ನು ಮನೆಯವರೆಲ್ಲ ಸೇರಿ ದಾಟಬಹುದು, ದಾಟಿದವರನ್ನು ನಾನು ನೋಡಿದ್ದೇನೆ, ನೀವೂ ದಾಟುತ್ತೀರಿ. ಅದನ್ನೆಲ್ಲ ಒಬ್ಬಳ ಹೊಟ್ಟೆಗೆ ಕಟ್ಟಿ, ಉಳಿದವರು ಚೆನ್ನಾಗಿದ್ದೇವೆ ಎಂದುಕೊಂಡು ಓಡಾಡುವುದು ಪಾಪ.

ಗಂಡಸರೇ, ಆಗ ನಾನು ನಗಿ ಎಂದೆ. ನೀವೆಲ್ಲ ನಕ್ಕಿರಿ. ನಾನು ಇಲ್ಲಿ ಎತ್ತರದಲ್ಲಿ ಕೂತಿರುವುದರಿಂದ ಎಲ್ಲರ ಮುಖವೂ ಕಾಣುತ್ತದೆ. ಈ ಎಡಗಡೆ ತಾಯಂದಿರ ಸಾಲಿನಲ್ಲಿ ಏಳೆಂಟು ಜನ ನಗಲಿಲ್ಲ. ಸೆರಗಿನ ಅಂಚು ತಿರುವುತ್ತ ಕೆಳಗೆ ನೋಡಿದರು. ಅವರು ಯಾರು ಎಂದು ನಾನು ಹೇಳುವುದಿಲ್ಲ. ಅವರ ಗಂಡಂದಿರು ಬಲಗಡೆ ಕೂತಿದ್ದೀರಿ, ಚೆನ್ನಾಗಿ ನಕ್ಕಿರಿ. ನಿಮ್ಮಲ್ಲಿ ಯಾರ ಮನೆಯ ತಾಯಿ ನಗಲಿಲ್ಲ ಎಂದು ನಿಮಗೆ ಗೊತ್ತಿದೆಯೇ? ಗೊತ್ತಿಲ್ಲ. ಅದನ್ನು ತಿಳಿಯುವ ಕೆಲಸ ಇವತ್ತಿನಿಂದ ಶುರು ಮಾಡಿ.

ಹೇಗೆ ಶುರು ಮಾಡಬೇಕು? ಮನೆಗೆ ಹೋದ ಮೇಲೆ, ನಿಂದು ಊಟ ಆಯಿತೇ ಎಂದು ಕೇಳಬೇಡಿ. ಕೇಳಿದರೆ ಆಯಿತು ಎನ್ನುತ್ತಾಳೆ, ಇಷ್ಟು ವರ್ಷ ಹಾಗೇ ಅಂದಿದ್ದಾಳೆ. ಒಳಗೆ ಹೋಗಿ, ಮುಚ್ಚಿದ ಬಟ್ಟೆಯನ್ನು ನಿಮ್ಮ ಕೈಯಾರೆ ತೆಗೆದು, ಬುಟ್ಟಿಯನ್ನು ಎತ್ತಿಕೊಂಡು ಬಂದು ಎಲ್ಲರ ನಡುವೆ ಇಡಿ. ಎಷ್ಟಿದೆ ಎಂದು ಮಕ್ಕಳೂ ನೋಡಲಿ, ನೀವೂ ನೋಡಿ. ಅವಳನ್ನು ಪಕ್ಕದಲ್ಲಿ ಕೂರಿಸಿ, ಮೊದಲ ರೊಟ್ಟಿಯನ್ನು ಅವಳ ತಟ್ಟೆಗೆ ಹಾಕಿ. ಅವಳು ಒಂದು ತುತ್ತು ಮುರಿದು ಬಾಯಿಗಿಟ್ಟು ನುಂಗುವವರೆಗೆ ನಿಮ್ಮ ಕೈ ತಟ್ಟೆಗೆ ಹೋಗದಿರಲಿ. ಒಂದು ದಿನ ಅಲ್ಲ, ದಿನಾ ಮಾಡಿ. ಅಷ್ಟು ಮಾಡಲು ಆಗದಿದ್ದರೆ ನಾಳೆ ನೀವು ಇಲ್ಲಿಗೆ ಬಂದು ನನ್ನ ಕಾಲಿಗೆ ಬೀಳುವುದು ಬೇಡ.